ಸಂಘದ ಎತ್ತರದಲ್ಲಿ ಕ್ಯಾಮೆರಾ

ಸಾಕ್ಷ್ಯಚಿತ್ರ ಎಂದರೆ ನನ್ನ ವಯಸ್ಸಿನ ಹೆಂಗಸರಿಗೆ ಮೊದಲು ನೆನಪಾಗುವುದು ಟೂರಿಂಗ್ ಟಾಕೀಸಿನಲ್ಲಿ ಅಣ್ಣಾವ್ರ ಸಿನಿಮಾ ಶುರುವಾಗುವ ಮುಂಚೆ ತೋರಿಸುತ್ತಿದ್ದ ಫಿಲ್ಮ್ಸ್ ಡಿವಿಷನ್ನಿನ ಚಿತ್ರಗಳು. ಅಣೆಕಟ್ಟು, ಪ್ರವಾಹ, ಮಂತ್ರಿಗಳ ಉದ್ಘಾಟನೆ, ಹೊಸ ತಳಿಯ ಗೋಧಿ. ಅದು ಮುಗಿಯುವಷ್ಟರಲ್ಲಿ ಕಡಲೆಕಾಯಿ ಕೊಂಡು ಬರೋಣವೆಂದು ಗಂಡಸರು ಹೊರಗೇ ನಿಂತಿರುತ್ತಿದ್ದರು. ಹೆಂಗಸರ ಕಡೆ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತ ನಾವು ಮಾತ್ರ ಅದನ್ನೂ ಬಿಡದೆ ನೋಡುತ್ತಿದ್ದೆವು. ಆ ಚಿತ್ರಗಳಲ್ಲಿ ಹೆಂಗಸರಿಗೇನೂ ಕೊರತೆ ಇರಲಿಲ್ಲ. ನಾಟಿ ಹಾಕುವ ಸಾಲಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಕೊಳವೆಬಾವಿಯ ಸುತ್ತ ಬೇಕಾದಷ್ಟು ಹೆಂಗಸರಿದ್ದರು. ಆದರೆ ಅವರ ಬಾಯಿ ಅಲ್ಲಾಡುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಅವರಿಗಾಗಿ ಒಬ್ಬ ಗಂಡಸು ಗಂಭೀರವಾದ ದನಿಯಲ್ಲಿ ಮಾತಾಡುತ್ತಿದ್ದ. 1948ರಲ್ಲಿ ಶುರುವಾದ ಆ ಸಂಸ್ಥೆ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಸೇರಿಹೋಯಿತು. ಆ ಗಂಡಸಿನ ದನಿ ಮಾತ್ರ ಇವತ್ತಿನ ಟೀವಿ ಚಾನೆಲ್ಲುಗಳಲ್ಲಿ ಬೇರೆ ಬೇರೆ ಅಂಗಿ ತೊಟ್ಟು ಇನ್ನೂ ಓಡಾಡಿಕೊಂಡಿದೆ.

ಈ ದನಿಯನ್ನು ಬದಿಗಿಟ್ಟು ಹೆಂಗಸರ ಮಾತನ್ನೇ ಚಿತ್ರದ ಬೆನ್ನೆಲುಬು ಮಾಡಿಕೊಂಡ ನಾಲ್ಕು ಸಣ್ಣ ಚಿತ್ರಗಳನ್ನು ಕಳೆದ ಎರಡು ವರ್ಷಗಳಲ್ಲಿ ನಾನು ಹಲವು ಬಾರಿ ನೋಡಿದ್ದೇನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಹೀಗೆ ನಮ್ಮ ನಾಲ್ಕು ಊರುಗಳಲ್ಲಿ, ಸ್ತ್ರೀಶಕ್ತಿ ಸಂಘದ ಹೆಂಗಸರ ಜೊತೆ, ಅಂಗನವಾಡಿಯ ಗೋಡೆಗೆ ಬಿಳಿ ಪಂಚೆ ಕಟ್ಟಿ ತೋರಿಸಿಯೂ ಇದ್ದೇನೆ. ಚಿತ್ರಗಳು ನಲವತ್ತು ವರ್ಷ ಹಳೆಯವು. ಅವುಗಳ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ತಕರಾರೂ ಇದೆ. ಎರಡನ್ನೂ ಹೇಳಬೇಕು ಎನ್ನಿಸಿ ಈ ಬರಹ.

1980ರಲ್ಲಿ ಬೆಂಗಳೂರಿನಲ್ಲಿ 'ಯುಗಾಂತರ್' ಎಂಬ ಹೆಸರಿನಲ್ಲಿ ನಾಲ್ವರು ಸೇರಿ ಒಂದು ಚಿತ್ರತಂಡ ಕಟ್ಟಿಕೊಂಡರು. ದೀಪಾ ಧನರಾಜ್, ಆಭಾ ಭೈಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್. ನವರೋಜ್ ಅವರು ಮಣಿ ಕೌಲರ 'ದುವಿಧಾ'ಕ್ಕೆ ಕ್ಯಾಮೆರಾ ಹಿಡಿದವರು, 2023ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ತಂಡ ಮೂರು ವರ್ಷಗಳಲ್ಲಿ ನಾಲ್ಕು ಚಿತ್ರ ಮಾಡಿತು. ಪುಣೆಯ ಮನೆಗೆಲಸದವರ ಬಗ್ಗೆ 'ಮೋಲಕರೀಣ್' (1981), ನಿಪ್ಪಾಣಿಯ ತಂಬಾಕು ಕಾರ್ಖಾನೆಯ ಹೆಂಗಸರ ಬಗ್ಗೆ 'ತಂಬಾಕೂ ಚಾಕಿಲಾ ಊಬ್ ಆಲಿ' (1982), ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆಯ ಜೊತೆ ತೆಲುಗಿನಲ್ಲಿ 'ಇದಿ ಕಥ ಮಾತ್ರಮೇನಾ' (1983), ಚಿಪ್ಕೋ ಚಳವಳಿಯ ಒಬ್ಬ ಹೆಣ್ಣುಮಗಳ ಬಗ್ಗೆ 'ಸುದೇಶಾ' (1983). ಒಂದೊಂದೂ ಅರ್ಧ ಗಂಟೆ ಆಸುಪಾಸಿನವು. ಸರ್ಕಾರದ ಹಣವಲ್ಲ, ಥಿಯೇಟರಿಗೆ ಹೋಗುವ ಆಸೆಯೂ ಇಲ್ಲ. ಯಾರ ಬಗ್ಗೆ ಚಿತ್ರ ಮಾಡುತ್ತಾರೋ ಅವರ ಜೊತೆ ಕುಳಿತು, ಮಾತಾಡಿ, ಏನು ತೋರಿಸಬೇಕೆಂದು ಅವರನ್ನೇ ಕೇಳಿ ಮಾಡುವುದು ತಂಡದ ಕ್ರಮ. ಬಹುಕಾಲ ಡಬ್ಬಿಗಳಲ್ಲಿ ಉಳಿದಿದ್ದ ಈ ರೀಲುಗಳಿಗೆ ಈಚೆಗೆ ಬರ್ಲಿನ್ನಿನ ಆರ್ಸೆನಾಲ್ ಸಂಸ್ಥೆಯ ನೆರವಿನಿಂದ ಡಿಜಿಟಲ್ ಜೀವ ಬಂದಿದೆ. ಹಾಗಾಗಿಯೇ ನಮ್ಮಂಥವರ ಕೈಗೂ ಸಿಕ್ಕಿವೆ.

ನಿಪ್ಪಾಣಿ ನಮ್ಮದೇ ಬೆಳಗಾವಿ ಜಿಲ್ಲೆಯ ಊರು. ನಿಪ್ಪಾಣಿಯ ತಂಬಾಕು ಎಂದರೆ ನಮ್ಮ ಪೀಳಿಗೆಗೆ ನೆನಪಿರುವುದು 1981ರ ಬೆಳೆಗಾರರ ಚಳವಳಿ, ಹೆದ್ದಾರಿ ತಡೆ, ಗೋಲೀಬಾರು. ಬೆಳೆದವರ ಸುದ್ದಿ ಪತ್ರಿಕೆಗಳಲ್ಲಿ ಬಂತು. ಬೆಳೆದ ಆ ಎಲೆಯನ್ನು ಕುಟ್ಟಿ, ಜರಡಿ ಹಿಡಿದು, ಬೀಡಿಗೆ ಹದ ಮಾಡುತ್ತಿದ್ದ ಸಾವಿರಾರು ಹೆಂಗಸರ ಸುದ್ದಿ ಬಂದದ್ದು ಈ ಚಿತ್ರದಲ್ಲಿ. ಘಾಟು ಎಂದರೆ ಏನೆಂದು ಒಣಮೆಣಸಿನಕಾಯಿ ಹುರಿಯುವ ನಮಗೆ ಗೊತ್ತು. ಅಂಥ ಘಾಟಿನಲ್ಲಿ ದಿನವಿಡೀ ಕುಳಿತಿರುವ, ಬಾಯಿ ಮೂಗಿಗೆ ಸೆರಗು ಸುತ್ತಿಕೊಂಡ ಹೆಂಗಸರು. ಧೂಳು ಎಷ್ಟೆಂದರೆ ಬೆಳಕು ಕೂಡ ಅದನ್ನು ಸೀಳಿಕೊಂಡು ಬರಬೇಕು. ಕಪ್ಪು-ಬಿಳುಪಿನಲ್ಲಿ ಆ ಧೂಳು ಚೆಂದವಾಗಿ ಕಾಣುತ್ತದೆ. ಚೆಂದ ಕಾಣುತ್ತಿದೆಯಲ್ಲ ಎಂದು ನಮಗೆ ಕಸಿವಿಸಿಯಾಗುವ ಹೊತ್ತಿಗೆ ಒಬ್ಬಾಕೆಯ ಮಾತು ಕೇಳುತ್ತದೆ, ಧೂಳು ಮತ್ತೆ ಧೂಳಾಗುತ್ತದೆ.

ಮಾತಿನ ಜೋಡಣೆಯೇ ಈ ಚಿತ್ರದ ಹೆಚ್ಚುಗಾರಿಕೆ. ಒಬ್ಬಳು ಕೂಲಿಯ ಲೆಕ್ಕ ಹೇಳುತ್ತಾಳೆ, ಇನ್ನೊಬ್ಬಳು ಮಧ್ಯೆ ಬಾಯಿ ಹಾಕುತ್ತಾಳೆ, ಮೂರನೆಯವಳು ಇಬ್ಬರ ಮಾತನ್ನೂ ಮುಂದಕ್ಕೆ ಒಯ್ಯುತ್ತಾಳೆ. ಮಾತಾಡುತ್ತಿರುವವಳ ಮುಖ ಯಾವುದು ಎಂದು ಹಲವು ಕಡೆ ತಿಳಿಯುವುದೇ ಇಲ್ಲ. ನನ್ನ ಜೊತೆ ನೋಡಿದ ಒಬ್ಬ ಕಾಲೇಜು ಮೇಷ್ಟ್ರು ಇದನ್ನು ತಾಂತ್ರಿಕ ದೋಷ ಎಂದರು. ನನಗೆ ಹಾಗನ್ನಿಸಲಿಲ್ಲ. ಮಾಲೀಕರ ಎದುರು ಮುಖ ಕೊಟ್ಟು ಮಾತಾಡಿದವಳು ನಾಳೆ ಕೆಲಸ ಕಳೆದುಕೊಳ್ಳುತ್ತಾಳೆ. ಇದು ಇವಳ ಮಾತು, ಅದು ಅವಳ ಮಾತು ಎಂದು ಬೇರೆ ಮಾಡಲಾಗದಂತೆ ಹೆಣೆದಾಗ ಎಲ್ಲರೂ ಸೇರಿ ಒಂದೇ ಬಾಯಿ ಆಗುತ್ತಾರೆ. ಗಂಡುಬೀರಿ ಎಂಬ ಹೆಸರು ಯಾರೊಬ್ಬಳ ತಲೆಗೂ ಕಟ್ಟುವುದಿಲ್ಲ. ನಮ್ಮ ಕಡೆ ಸೋಬಾನೆ ಹೇಳುವವರನ್ನು ನೋಡಿ. ಒಬ್ಬಳು ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿದುಕೊಳ್ಳುತ್ತಾರೆ, ಹಾಡು ಇಂಥವಳದು ಎಂದು ಯಾರೂ ಕೇಳುವುದಿಲ್ಲ.

ಕಡಲಾಚೆಯ ಒಂದು ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡುವ ಆಸೆಯಾಯಿತು. ಅಮೆರಿಕದ ಕರಿಯ ಹೆಣ್ಣುಮಗಳು ಮ್ಯಾಡೆಲಿನ್ ಆಂಡರ್ಸನ್ 1970ರಲ್ಲಿ ಮಾಡಿದ 'ಐ ಆಮ್ ಸಂಬಡಿ'. ನಾನೂ ಒಬ್ಬಳು ಮನುಷ್ಯಳೇ ಎನ್ನುವ ಅರ್ಥ. 1969ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಊರಿನ ಆಸ್ಪತ್ರೆಗಳಲ್ಲಿ ದಾದಿಯರ ಕೈಕೆಳಗೆ, ಅಡುಗೆಮನೆಯಲ್ಲಿ, ಕಸಗುಡಿಸುವಲ್ಲಿ ದುಡಿಯುತ್ತಿದ್ದ ಸುಮಾರು 400 ಮಂದಿ ಮುಷ್ಕರ ಹೂಡಿದರು. ಹೆಚ್ಚುಕಡಿಮೆ ಎಲ್ಲರೂ ಕರಿಯರು, ಬಹುಪಾಲು ಹೆಂಗಸರು. ಗಂಟೆಗೆ 1 ಡಾಲರ್ 30 ಸೆಂಟಿನ ಕೂಲಿ, ಜೊತೆಗೆ ಬಿಳಿಯರ ಬೈಗುಳ. ಸಂಘ ಕಟ್ಟಲು ಹೋದ 12 ಮಂದಿಯನ್ನು ಕೆಲಸದಿಂದ ತೆಗೆದದ್ದು ಕಿಡಿಯಾಯಿತು. ಮುಷ್ಕರ ನೂರು ದಿನ ಎಳೆಯಿತು. ಹಿಂದಿನ ವರ್ಷ ಗಂಡನನ್ನು ಕಳೆದುಕೊಂಡಿದ್ದ ಕೊರೆಟ್ಟಾ ಕಿಂಗ್ ಬಂದು ಅವರ ಜೊತೆ ನಡೆದರು. ಅರ್ಧ ಗಂಟೆಯ ಈ ಚಿತ್ರದಲ್ಲಿ ಕಥೆ ಹೇಳುವವಳು ಮುಷ್ಕರಕ್ಕೆ ಇಳಿದ ಒಬ್ಬ ಕೆಲಸಗಾರಳೇ. ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಗಂಡ ಕಲಿತದ್ದನ್ನೂ ಆಕೆ ಅದೇ ಉಸಿರಿನಲ್ಲಿ ಹೇಳುತ್ತಾಳೆ. 2019ರಲ್ಲಿ ಅಮೆರಿಕದ ಸರ್ಕಾರ ಈ ಚಿತ್ರವನ್ನು ಕಾಪಿಡಬೇಕಾದ ಚಿತ್ರಗಳ ಪಟ್ಟಿಗೆ ಸೇರಿಸಿತು.

ನಿಪ್ಪಾಣಿಯ ಚಿತ್ರಕ್ಕೂ ಇದಕ್ಕೂ ಹನ್ನೆರಡು ವರ್ಷ ಅಂತರ, ನಡುವೆ ಏಳು ಸಮುದ್ರ. ಎರಡರಲ್ಲೂ ಮುಷ್ಕರ, ಎರಡರಲ್ಲೂ ಹೆಂಗಸರು ಬೀದಿಗೆ ಬರುವ ದೃಶ್ಯ. ಆದರೆ ಒಂದು ವ್ಯತ್ಯಾಸ ನನಗೆ ಮುಖ್ಯವಾಗಿ ಕಂಡಿತು. ಚಾರ್ಲ್ಸ್‌ಟನ್ನಿನ ಹೆಂಗಸು, ನಮ್ಮನ್ನು ಹೀಗೆ ನಡೆಸಿಕೊಳ್ಳುವುದು ನಾವು ಕರಿಯರೆಂಬ ಕಾರಣಕ್ಕೆ ಎಂದು ನೇರವಾಗಿ ಹೇಳುತ್ತಾಳೆ, ಮುಚ್ಚುಮರೆ ಇಲ್ಲ. ನಿಪ್ಪಾಣಿಯ ಚಿತ್ರದಲ್ಲಿ ಬಡತನವಿದೆ, ಹೆಣ್ತನವಿದೆ, ಮಾಲೀಕನ ಲೋಭವಿದೆ. ಜಾತಿಯ ಮಾತು ನನ್ನ ಕಣ್ಣಿಗೆ ಗಟ್ಟಿಯಾಗಿ ಬೀಳಲಿಲ್ಲ.

ಇದು ನಾನು ಕುರ್ಚಿಯಲ್ಲಿ ಕುಳಿತು ಹುಡುಕಿದ ತಕರಾರಲ್ಲ. ಮಾಲೂರಿನಲ್ಲಿ ಚಿತ್ರ ತೋರಿಸಿದ ಸಂಜೆ, ಇಟ್ಟಿಗೆ ಗೂಡಿನಲ್ಲಿ ಮಣ್ಣು ಹೊರುವ ಹೆಂಗಸೊಬ್ಬರು ಕೇಳಿದ ಮೊದಲ ಪ್ರಶ್ನೆಯೇ ಅದು. "ಮೇಡಂ, ಇವ್ರೆಲ್ಲ ಯಾವ್ ಜನ?" ನಾನು ಕೆಲಸಗಾರರು ಎಂದೆ. "ಅದು ಗೊತ್ತಾಯ್ತಮ್ಮ. ಯಾವ್ ಜನ ಅಂತ ಕೇಳ್ದೆ" ಎಂದರು. ಪಕ್ಕದಲ್ಲಿದ್ದ ಇನ್ನೊಬ್ಬರು, "ಘಾಟು ಕುಡಿಯೋ ಕೆಲ್ಸ ಇನ್ಯಾರಿಗ್ ಕೊಡ್ತಾರೆ, ನಮ್ ಜನಾನೇ ಇರ್ತಾರೆ ಬುಡು" ಎಂದು ತಾವೇ ತೀರ್ಪು ಕೊಟ್ಟರು. 'ಮೋಲಕರೀಣ್' ನೋಡಿದಾಗಲೂ ಹೀಗೇ ಆಯಿತು. ಚಿತ್ರದಲ್ಲಿ ಸಂಬಳದ, ರಜೆಯ, ದುಡಿಮೆಯ ಹೊತ್ತಿನ ಮಾತೆಲ್ಲ ಮುಗಿದ ಮೇಲೆ ಕೋಲಾರದ ಹೆಂಗಸು ಕೇಳಿದ್ದು, "ಕಾಫಿ ಯಾವ ಲೋಟದಲ್ಲಿ ಕೊಡ್ತಾರಂತೆ?"

ದಲಿತ ಚಳವಳಿಯ ನೆಲ ಎಂದು ಹೆಸರಾದ ಜಿಲ್ಲೆ ನಮ್ಮದು. ದಲಿತ ಸಂಘರ್ಷ ಸಮಿತಿಯ ಹಾಡು, ಬೀದಿನಾಟಕ ಕೇಳಿಕೊಂಡೇ ಇಲ್ಲಿನ ಒಂದು ಪೀಳಿಗೆ ಬೆಳೆಯಿತು. ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ 'ಆದಿಮ'ದಲ್ಲಿ ಹುಣ್ಣಿಮೆಯ ರಾತ್ರಿ ಹಾಡು ಕೇಳಿದವರು ನಮ್ಮಲ್ಲಿ ಎಷ್ಟೋ ಮಂದಿ. 1972ರಲ್ಲಿ ಮುಂಬಯಿಯ ತರುಣರು ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡಾಗ ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ಸನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಕರಿಯರಿಗೂ ದಲಿತರಿಗೂ ಇರುವ ನಂಟನ್ನು ಚಳವಳಿ ಹೀಗೆ ಕಂಡುಕೊಂಡ ಹತ್ತು ವರ್ಷಕ್ಕೆ ನಿಪ್ಪಾಣಿಯ ಚಿತ್ರ ಬಂತು. ಅಷ್ಟು ಹೊತ್ತಿಗೆ ನಮ್ಮ ಓದಿದ ಹೆಣ್ಣುಮಕ್ಕಳ ಚಳವಳಿಗೆ ಆ ನಂಟು ಇನ್ನೂ ನಾಲಿಗೆಗೆ ಹತ್ತಿರಲಿಲ್ಲ ಎಂದು ಕಾಣುತ್ತದೆ. ಹೆಂಗಸರೆಲ್ಲ ಒಂದೇ ಎನ್ನುವ ಉಮೇದು ಆ ಕಾಲದ್ದು. ಆ ಉಮೇದಿನಿಂದಲೇ ಈ ಚಿತ್ರಗಳು ಹುಟ್ಟಿದವು, ಆ ಋಣ ದೊಡ್ಡದು. ಲೋಟದ ಪ್ರಶ್ನೆ ಕೇಳುವ ಕೆಲಸವನ್ನು ಮಾತ್ರ ನೋಡುವವರಿಗೆ ಬಿಟ್ಟುಬಿಟ್ಟವು. ದೀಪಾ ಧನರಾಜ್ ಅವರೇ ಮುಂದೆ 2018ರಲ್ಲಿ ರೋಹಿತ್ ವೇಮುಲನ ಸಾವಿನ ನಂತರದ ಹೋರಾಟವನ್ನು ಕುರಿತು ಚಿತ್ರ ಮಾಡಿದರು. ಅದರಲ್ಲಿ ಜಾತಿಯೇ ಮೊದಲ ಮಾತು.

'ಮೋಲಕರೀಣ್' ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ ಪುಸ್ತಕ ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರ ಮನೆಗೆ ಪಾತ್ರೆ ತೊಳೆಯಲು, ನೆಲ ಒರೆಸಲು ಒಬ್ಬರು ಬರುತ್ತಾರೆ. ಆ ಚಿತ್ರದಲ್ಲಿ ನಮ್ಮ ಜಾಗ ಯಾವುದು? ನಾವು ಅಲ್ಲಿ ಬಾಗಿಲ ಆಚೆ ನಿಂತ 'ಬಾಯಿ', ಯಜಮಾನಿತಿ. ಸಂಘ ಕಟ್ಟಿದ ಹೆಂಗಸರು ನಮ್ಮ ಬಗ್ಗೆಯೇ ಮಾತಾಡುತ್ತಿದ್ದಾರೆ. ನಮ್ಮ ಮನೆಗೆ ಹದಿನಾಲ್ಕು ವರ್ಷದಿಂದ ಬರುವ ಹೆಂಗಸಿನ ಜೊತೆ ನಾನು ಈ ಚಿತ್ರ ನೋಡಿದೆ, ಮಧ್ಯಾಹ್ನದ ಹೊತ್ತು, ಇಬ್ಬರೇ. ತಿಂಗಳಿಗೆ ಇಷ್ಟು ದಿನ ರಜೆ ಎಂಬ ಮಾತು ಬಂದಾಗ ಆಕೆ ನನ್ನ ಕಡೆ ತಿರುಗಿ ನೋಡಲಿಲ್ಲ, ನಾನೂ ನೋಡಲಿಲ್ಲ. ಚಿತ್ರ ಮುಗಿದ ಮೇಲೆ, "ಅವ್ರು ಜಾಸ್ತಿ ಜನ ಅವ್ರಲ್ಲ ಅಕ್ಕ, ಅದ್ಕೆ ಕೇಳ್ತಾರೆ" ಎಂದಳು. ಒಂದು ಬೀದಿಗೆ ಒಬ್ಬಳೇ ಬಂದರೆ ಯಾವ ಸಂಘ? ಆ ಮಾತಿಗೆ ಉತ್ತರ ಚಿತ್ರದಲ್ಲಿದೆ, ಪುಣೆಯ ಹೆಂಗಸರೂ ಒಂದೊಂದು ಮನೆಗೆ ಒಬ್ಬೊಬ್ಬರೇ ಹೋಗುತ್ತಿದ್ದವರು. ಅದನ್ನು ಹೇಳಬೇಕಾದವಳು ನಾನಾಗಿದ್ದೆ. ಸಂಬಳ ಕೊಡುವವಳೂ ನಾನೇ. ಆ ಮಧ್ಯಾಹ್ನ ಮಾತು ಎಷ್ಟು ಬೇಗ ಟೊಮೇಟೊ ರೇಟಿನ ಕಡೆ ತಿರುಗಿತು ಎಂದು ನೀವೇ ಊಹಿಸಿಕೊಳ್ಳಿ. ಈಗ ತಿಂಗಳಿಗೆ ನಾಲ್ಕು ದಿನ ರಜೆ ಎಂದು ಇಬ್ಬರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇವೆ. ಅದರಿಂದ ಸಂಘವೇನೂ ಆಗಿಲ್ಲ.

ನಮ್ಮ ಕಡೆ ನಿಜವಾಗಿ ಗೆದ್ದ ಚಿತ್ರ 'ಇದಿ ಕಥ ಮಾತ್ರಮೇನಾ'. ಕಾರಣ ಭಾಷೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಕನ್ನಡ, ಒಲೆಯ ಮುಂದೆ ತೆಲುಗು. ಮರಾಠಿ ಚಿತ್ರಗಳನ್ನು ತೋರಿಸುವಾಗ ಇಂಗ್ಲಿಷ್ ಅಕ್ಷರಗಳನ್ನು ಓದಿ ಕನ್ನಡದಲ್ಲಿ ಗಟ್ಟಿಯಾಗಿ ಹೇಳುವ ಕೆಲಸ ನನ್ನದಾಗಿತ್ತು. ಅಂದರೆ ಫಿಲ್ಮ್ಸ್ ಡಿವಿಷನ್ನಿನ ಆ ಗಂಡಸಿನ ಕುರ್ಚಿಯಲ್ಲಿ ನಾನು! ತೆಲುಗು ಚಿತ್ರಕ್ಕೆ ಆ ಕುರ್ಚಿ ಬೇಕಾಗಲಿಲ್ಲ. ಗಂಡನ ಹೊಡೆತ, ಅತ್ತೆಮನೆಯ ಚಾಕರಿ, ಎಲ್ಲಕ್ಕಿಂತ ಹೆಚ್ಚಾಗಿ ಹೇಳಿಕೊಳ್ಳಲು ಯಾರೂ ಇಲ್ಲದೆ ಒಳಗೊಳಗೇ ಮಂಕು ಹಿಡಿಯುವುದು, ಇವು ಚಿತ್ರದ ವಸ್ತು. ಸಂಘಟನೆಯ ಸದಸ್ಯೆಯರೇ ಚರ್ಚೆ ಮಾಡಿ ಕಥೆ ಕಟ್ಟಿ ತಾವೇ ಅಭಿನಯಿಸಿದ್ದಾರೆ. ಇದನ್ನು ಸಾಕ್ಷ್ಯಚಿತ್ರ ಎನ್ನಬಹುದೇ ಎಂದು ಪಂಡಿತರು ಕೇಳಬಹುದು. ಹೆಸರೇ ಆ ಪ್ರಶ್ನೆ ಕೇಳುತ್ತಿದೆಯಲ್ಲ, ಇದು ಬರೀ ಕಥೆಯೇನು ಎಂದು! ಮಾಲೂರು ತಾಲ್ಲೂಕಿನ ಮಾಸ್ತಿಯವರು ಯಾರೋ ಹೇಳಿದ್ದನ್ನು ಕೇಳಿದೆ, ಕೇಳಿದ್ದನ್ನು ನಿಮಗೆ ಹೇಳುತ್ತಿದ್ದೇನೆ ಎಂಬ ಧಾಟಿಯಲ್ಲೇ ಎಷ್ಟೋ ಕಥೆ ಬರೆದರು. ಕಥೆಗೂ ನಿಜಕ್ಕೂ ನಡುವೆ ಗೋಡೆ ಕಟ್ಟುವ ಅಭ್ಯಾಸ ನಮ್ಮ ಸೀಮೆಗೆ ಮೊದಲಿನಿಂದಲೂ ಕಡಿಮೆ.

ಶ್ರೀನಿವಾಸಪುರದಲ್ಲಿ ಈ ಚಿತ್ರ ಮುಗಿದ ಮೇಲೆ ಬಹಳ ಹೊತ್ತು ಯಾರೂ ಏಳಲಿಲ್ಲ. ಮಾವಿನ ಮಂಡಿಯಲ್ಲಿ ಕಾಯಿ ವಿಂಗಡಿಸುವ ವಯಸ್ಸಾದ ಹೆಂಗಸೊಬ್ಬರು, "ಇದಿ ಮಾ ಇಂಟಿ ಕಥೇ ಕದಮ್ಮಾ" ಎಂದರು, ನಮ್ಮ ಮನೆಯ ಕಥೆಯೇ ತಾನೆ ಎಂದು. ಅವರ ಸೊಸೆ ಪಕ್ಕದಲ್ಲೇ ಕುಳಿತಿದ್ದಳು. ಅತ್ತೆ ಹೇಳಿದ್ದು ತನ್ನ ಹಳೆಯ ಕಥೆಯೋ, ಸೊಸೆಯ ಇವತ್ತಿನ ಕಥೆಯೋ, ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸೊಸೆ ತಲೆ ತಗ್ಗಿಸಿ ಮಗುವಿನ ಗುಂಡಿ ಹಾಕುತ್ತಿದ್ದಳು, ಹಾಕಿ ಮುಗಿದಿದ್ದರೂ. ಈ ಚಿತ್ರ ಬಂದ 1983ರಲ್ಲೇ ಗಂಡ ಮತ್ತು ಗಂಡನ ಮನೆಯವರ ಕ್ರೌರ್ಯವನ್ನು ಅಪರಾಧವೆಂದು ಕರೆದ 498ಎ ಕಲಮು ಕಾನೂನಿಗೆ ಸೇರಿತು. ಕಾನೂನು ಬಂತು ಎಂಬುದು ಆ ಅಂಗನವಾಡಿಯ ಮೌನಕ್ಕೆ ಇನ್ನೂ ತಲುಪಿರಲಿಲ್ಲ.

ಚಿತ್ರ ಯಾರದು ಎಂಬ ಪ್ರಶ್ನೆಯನ್ನು ಇನ್ನೂ ಮುಂದಕ್ಕೆ ಒಯ್ದವರು ನಮ್ಮ ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಸೀಮೆಯ ಪಸ್ತಾಪುರದ ಹೆಂಗಸರು. ಮೈಸೂರಿನ ಪಿ.ವಿ. ಸತೀಶ್ ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿದ್ದವರು. 1983ರಲ್ಲಿ ಗೆಳೆಯರ ಜೊತೆ ಸೇರಿ ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕಟ್ಟಿದರು, 2023ರ ಮಾರ್ಚಿನಲ್ಲಿ ತೀರಿಕೊಂಡರು. ನವಣೆ, ಸಾಮೆ, ಸಜ್ಜೆ ಬೆಳೆಯುವ ಬಡ ದಲಿತ ಹೆಂಗಸರ ಸಂಘಗಳು ಅವರ ಕೆಲಸದ ಬುಡ. ಅಕ್ಷರ ಬಾರದ ಆ ಹೆಂಗಸರ ಕೈಗೆ ಅವರು ವಿಡಿಯೋ ಕ್ಯಾಮೆರಾ ಕೊಟ್ಟರು, ಚಿತ್ರ ತೆಗೆಯುವುದನ್ನೂ ಜೋಡಿಸುವುದನ್ನೂ ಕಲಿಸಿದರು. 2008ರಲ್ಲಿ ಅವರದೇ ಸಂಘಂ ರೇಡಿಯೋ ಕೂಡ ಶುರುವಾಯಿತು.

ಕಲಿಯುವಾಗ ಅವರು ಕ್ಯಾಮೆರಾದ ಕೋನಗಳಿಗೆ ತಮ್ಮದೇ ಹೆಸರು ಇಟ್ಟುಕೊಂಡರಂತೆ. ಮೇಲು-ಕೀಳು ಕಾಣಿಸುವ ಕೋನ 'ಪಟೇಲ್ ಶಾಟ್'. ಎದುರಿನವರ ಕಣ್ಣಿನ ಮಟ್ಟಕ್ಕೇ ಕ್ಯಾಮೆರಾ ಹಿಡಿದರೆ ಅದು 'ಸಂಘಂ ಶಾಟ್', ಸಂಘದಲ್ಲಿ ಎಲ್ಲರೂ ನೆಲದ ಮೇಲೆ ಸಮವಾಗಿ ಕೂರುತ್ತಾರಲ್ಲ, ಹಾಗೆ. ಸಿನಿಮಾ ವಿಮರ್ಶೆಯ ಎಷ್ಟೋ ದಪ್ಪ ಪುಸ್ತಕಗಳಲ್ಲಿ ಸಿಗದ ಪರಿಭಾಷೆ ಇದು. ಎಲ್ಲಿ ನಿಂತು ನೋಡುತ್ತೀಯೆ ಎಂಬುದರಲ್ಲೇ ಜಾತಿ ಇದೆ, ಜಮೀನು ಇದೆ ಎಂದು ಮೂರೇ ಅಕ್ಷರದ ಪದಗಳಲ್ಲಿ ಹೇಳಿಬಿಟ್ಟಿದ್ದಾರೆ. ಒಮ್ಮೆ ಇದನ್ನು ಕೇಳಿದ ಮೇಲೆ ಯಾವ ಚಿತ್ರವನ್ನೂ ಮೊದಲಿನಂತೆ ನೋಡಲಾಗುವುದಿಲ್ಲ. ಬರಗಾಲದ ಸುದ್ದಿ ಬಂದಾಗಲೆಲ್ಲ ಟೀವಿಯವರು ಜೀಪಿನ ಮೇಲೆ ನಿಂತು ಕೊಡ ಹಿಡಿದ ಹೆಂಗಸರ ನೆತ್ತಿ ತೋರಿಸುವುದು ಶುದ್ಧ ಪಟೇಲ್ ಶಾಟು.

ಇವರು ಮಾಡಿದ ಚಿತ್ರಗಳಲ್ಲಿ ಹೆಸರಾದದ್ದು ವಾರಂಗಲ್ಲಿನ ರೈತರಿಗೆ ಬಿಟಿ ಹತ್ತಿಯ ಮೇಲೆ ಯಾಕೆ ಸಿಟ್ಟು ಎಂದು ಕೇಳುವ 2003ರ ಚಿತ್ರ. 2002ರಲ್ಲಿ ಸರ್ಕಾರ ಬಿಟಿ ಹತ್ತಿಗೆ ಅನುಮತಿ ಕೊಟ್ಟ ಮೊದಲ ಹಂಗಾಮಿನಲ್ಲೇ ಈ ಹೆಂಗಸರು ಕ್ಯಾಮೆರಾ ಹೊತ್ತು ಹೊಲಗಳಿಗೆ ಹೋದರು. ಬಿಟಿ ಹತ್ತಿಯ ಲಾಭ-ನಷ್ಟದ ಬಗ್ಗೆ ತಜ್ಞರಲ್ಲಿ ಭಿನ್ನಾಭಿಪ್ರಾಯವಿದೆ, ಚಿತ್ರ ಒಂದು ಪಕ್ಷ ಹಿಡಿದೇ ಮಾತಾಡುತ್ತದೆ. ಅದು ನನಗೆ ದೊಡ್ಡ ಕುಂದಾಗಿ ಕಾಣಲಿಲ್ಲ. ರೈತ ಹೆಂಗಸು ರೈತನನ್ನು ಪ್ರಶ್ನೆ ಕೇಳುವ ಬಗೆಯೇ ಬೇರೆ. ಬೀಜಕ್ಕೆ ಎಷ್ಟು ಕೊಟ್ಟೆ, ಔಷಧಿ ಎಷ್ಟು ಸಲ ಹೊಡೆದೆ, ಬಿಡಿಸುವ ಕೂಲಿ ಎಷ್ಟಾಯಿತು ಎಂದು ಲೆಕ್ಕ ಕೇಳುತ್ತಾಳೆ. ನಿಮ್ಮ ಭಾವನೆ ಏನು ಎಂದು ಮೈಕು ಮೂಗಿಗೆ ಹಿಡಿಯುವುದಿಲ್ಲ.

ಹೊರಗಿನವರು ಚಿತ್ರ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಈಚಿನ ಉದಾಹರಣೆ 2021ರ 'ರೈಟಿಂಗ್ ವಿತ್ ಫೈರ್'. ಬುಂದೇಲಖಂಡದಲ್ಲಿ 2002ರಲ್ಲಿ ಹುಟ್ಟಿದ, ದಲಿತ ಹೆಂಗಸರು ಮುಂದೆ ನಿಂತು ನಡೆಸುವ 'ಖಬರ್ ಲಹರಿಯಾ' ಪತ್ರಿಕೆಯ ಕಥೆ. ರಿಂಟು ಥಾಮಸ್ ಮತ್ತು ಸುಷ್ಮಿತ್ ಘೋಷ್ ವರ್ಷಗಟ್ಟಲೆ ಅವರ ಹಿಂದೆ ಓಡಾಡಿ ಮಾಡಿದ ಚಿತ್ರ. ಸನ್‌ಡ್ಯಾನ್ಸ್ ಉತ್ಸವದಲ್ಲಿ ಪ್ರಶಸ್ತಿ ಬಂತು, 2022ರಲ್ಲಿ ಆಸ್ಕರ್ ನಾಮನಿರ್ದೇಶನವೂ ಆಯಿತು. ಫೋನು ಹಿಡಿದು ಗಣಿ ಮಾಫಿಯಾದವರ ಮುಂದೆ ನಿಲ್ಲುವ ಆ ಹೆಣ್ಣುಮಕ್ಕಳನ್ನು ನೋಡಿ ನನಗೂ ಎದೆ ತುಂಬಿತು. ಆಸ್ಕರ್ ಸಮಾರಂಭಕ್ಕೆ ಕೆಲವೇ ದಿನ ಮುಂಚೆ ಪತ್ರಿಕೆಯವರೇ ಒಂದು ಹೇಳಿಕೆ ಕೊಟ್ಟರು. ಚಿತ್ರ ಮನಮುಟ್ಟುವಂತಿದೆ, ಆದರೆ ನಮ್ಮ ಕೆಲಸದ ಒಂದು ಭಾಗವನ್ನೇ ಇಡೀ ಕೆಲಸವೆಂಬಂತೆ, ಒಂದೇ ಪಕ್ಷದ ಸುದ್ದಿಯ ಬೆನ್ನು ಹತ್ತಿದವರೆಂಬಂತೆ ನಮ್ಮನ್ನು ತೋರಿಸಿದೆ ಎಂಬುದು ಅದರ ತಿರುಳು. ಚಿತ್ರದವರ ಪರವಾಗಿ ಮಾತಾಡಿದ ಹಲವರು, ಇಷ್ಟು ದೊಡ್ಡ ಗೌರವ ಬರುವ ಹೊತ್ತಿನಲ್ಲಿ ಇದೇನು ಕೃತಘ್ನತೆ ಎಂದರು. ಆ ಮಾತು ನನಗೆ ಬಹಳ ಕಹಿಯೆನ್ನಿಸಿತು. ಚಿತ್ರ ತೆಗೆಸಿಕೊಂಡವರು ಕೃತಜ್ಞರಾಗಿರಬೇಕು ಎಂಬ ನಿರೀಕ್ಷೆ, ಹಬ್ಬಕ್ಕೆ ಹಳೆಯ ಸೀರೆ ಕೊಟ್ಟು ಬದಲಿಗೆ ಬಗ್ಗಿದ ಬೆನ್ನನ್ನು ಕಾಯುವ ನಿರೀಕ್ಷೆಗಿಂತ ಬೇರೆಯೇನಲ್ಲ. ಅವರು ಪತ್ರಕರ್ತೆಯರು. ತಮ್ಮ ಬಗ್ಗೆ ಬಂದ ವರದಿಯಲ್ಲಿ ಲೋಪ ಕಂಡರೆ ತಿದ್ದುಪಡಿ ಕೇಳುವುದು ಅವರ ಕಸುಬು.

ನಮ್ಮ ಜಿಲ್ಲೆಗೆ ಕ್ಯಾಮೆರಾಗಳು ಬಂದ ಒಂದು ದಿನ ನನಗೆ ಚೆನ್ನಾಗಿ ನೆನಪಿದೆ. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ವಾರವೆಲ್ಲ ಟೀವಿಯಲ್ಲಿ ಸುಟ್ಟ ಗೋಡೆ, ಅಳುವ ಹೆಂಗಸರು. 2006ರಲ್ಲಿ ಆರೋಪಿಗಳು ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆ ಹೊತ್ತಿಗೆ ಕ್ಯಾಮೆರಾಗಳು ಹೋಗಿ ಬಹಳ ವರ್ಷವಾಗಿತ್ತು. ಸತ್ತಾಗ ಬಂದು ಅತ್ತಾಗ ಮುಖ ತೋರಿಸಿ ಹೋಗುವ ಚಿತ್ರವನ್ನೇ ಕಂಡ ನಮ್ಮ ಜಿಲ್ಲೆಗೆ, ಹೆಂಗಸರು ಕೂತು ಲೆಕ್ಕ ಹಾಕುವ, ಜಗಳ ಆಡುವ, ನಗುವ ನಿಪ್ಪಾಣಿಯ ಚಿತ್ರ ಹೊಸದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮಾಲೂರಿನ ಹೆಂಗಸು ಯಾವ ಜನ ಎಂದು ಕೇಳಿದ ಮೇಲೆ ಇನ್ನೊಂದು ಮಾತು ಸೇರಿಸಿದ್ದರು. "ಒಬ್ರೂ ಅಳ್ಲಿಲ್ಲ ನೋಡಿ ಮೇಡಂ."

ದೀಪಾ ಧನರಾಜರ 1991ರ 'ಸಮ್‌ಥಿಂಗ್ ಲೈಕ್ ಎ ವಾರ್' ಬಗ್ಗೆ ವಿವರವಾಗಿ ಬರೆಯಲು ಇನ್ನೊಂದು ಪ್ರಬಂಧವೇ ಬೇಕು. ಕುಟುಂಬ ಯೋಜನೆಯ ಹೆಸರಿನಲ್ಲಿ ಹೆಂಗಸರ ಮೈಮೇಲೆ ನಡೆದ ಯುದ್ಧದ ಕಥೆ ಅದು. ಶಿಬಿರದಲ್ಲಿ ಸಾಲಾಗಿ ಮಲಗಿಸಿ ಆಪರೇಷನ್ ಮಾಡುವ ಡಾಕ್ಟರು ಒಂದು ಕಡೆ, ಸುತ್ತ ಕುಳಿತು ತಮ್ಮ ದೇಹದ ಚಿತ್ರ ಬರೆದುಕೊಂಡು ನಾಚಿಕೆಯಿಲ್ಲದೆ ಮಾತಾಡುವ ಹೆಂಗಸರು ಇನ್ನೊಂದು ಕಡೆ. ಇಷ್ಟು ಕೇಸು ತರಬೇಕು ಎಂಬ ಗುರಿ 1996ರಲ್ಲಿ ರದ್ದಾಗುವವರೆಗೆ ಎಷ್ಟು ಬಾಗಿಲು ತಟ್ಟಿಸಿತು ಎಂಬುದನ್ನು ನಿಮ್ಮೂರಿನ ನಿವೃತ್ತ ದಾದಿಯರನ್ನು ಕೇಳಿ ನೋಡಿ. ಅದನ್ನು ನಮ್ಮ ಗುಂಪಿಗೆ ತೋರಿಸಿದಾಗ, ಐವತ್ತು ದಾಟಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆ ನಗುವಿಗೆ ಹುಡುಗಿಯರು ಅರ್ಥ ಕೇಳಿದರು, ಹೇಳುವುದಕ್ಕೆ ರಾತ್ರಿ ಎಂಟೂವರೆಯಾಯಿತು, ಕೊನೆಯ ಬಸ್ಸು ತಪ್ಪಿತು.

ಈಗ ಎಲ್ಲರ ಕೈಯಲ್ಲೂ ಫೋನಿದೆ, ಫೋನಿನಲ್ಲಿ ಕ್ಯಾಮೆರಾ ಇದೆ, ಚಿತ್ರ ಮಾಡಲು ಯುಗಾಂತರ್ ತಂಡದವರಷ್ಟು ಪಾಡು ಪಡಬೇಕಾಗಿಲ್ಲ ಎನ್ನುತ್ತಾರೆ. ಯಂತ್ರ ಸುಲಭವಾಯಿತು, ಒಪ್ಪೋಣ. ನಾನು ಪಾಠ ಹೇಳುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೋಲಾರದ ಟೊಮೇಟೊ ಮಾರುಕಟ್ಟೆಯಲ್ಲಿ ದುಡಿಯುವ ತಾಯಿಯ ಬಗ್ಗೆ ಐದು ನಿಮಿಷದ ವಿಡಿಯೋ ಮಾಡಿ ತಂದಳು. ಬೆಳಗಿನ ಜಾವ, ಲೈಟಿನ ಕೆಳಗೆ ಕಾಯಿ, ದೋರೆ, ಹಣ್ಣು ಎಂದು ಬೇರೆ ಮಾಡಿ 15 ಕಿಲೋದ ಕ್ರೇಟಿಗೆ ತುಂಬುವ ಕೈಗಳು. ಐದು ನಿಮಿಷವೂ ಕೈಗಳೇ, ಮುಖ ಒಮ್ಮೆಯೂ ಇಲ್ಲ. ಯಾಕಮ್ಮ ಎಂದು ಕೇಳಿದೆ. "ಮುಖ ಹಾಕ್ಬೇಡ, ಮಂಡಿಯವ್ರು ನೋಡ್ತಾರೆ ಅಂತ ಅಮ್ಮ ಹೇಳುದ್ರು ಮಿಸ್" ಎಂದಳು. ನಿಪ್ಪಾಣಿಯ ಹೆಂಗಸರಿಗೆ ನಲವತ್ತು ವರ್ಷದ ಹಿಂದೆ ಇದ್ದ ಅಂಜಿಕೆಯೇ. ವಿಡಿಯೋದ ಕೊನೆಯಲ್ಲಿ ತಾಯಿಯ ದನಿ ಮಾತ್ರ ಕೇಳುತ್ತದೆ, ಕ್ರೇಟಿಗೆ ಎಷ್ಟು ಕೊಡುತ್ತಾರೆ ಎಂದು. ಹುಡುಗಿ ನೆಲದ ಮೇಲೆ ತಾಯಿಯ ಎದುರು ಕುಕ್ಕರುಗಾಲಿನಲ್ಲಿ ಕುಳಿತು ತೆಗೆದಿದ್ದಾಳೆ. ಸಂಘಂ ಶಾಟ್ ಎಂಬ ಹೆಸರು ಅವಳಿಗೆ ಗೊತ್ತಿಲ್ಲ.

ಮುಳಬಾಗಿಲಿನ ಹೆಂಗಸರು ನಿಪ್ಪಾಣಿಯ ಚಿತ್ರವನ್ನು ಇನ್ನೊಮ್ಮೆ ನೋಡಬೇಕೆಂದಿದ್ದಾರೆ, ಆದರೆ ನನ್ನ ಕನ್ನಡ ಬೇಡವಂತೆ, ತೆಲುಗಿನಲ್ಲಿ ಬೇಕಂತೆ. ಇಂಗ್ಲಿಷ್ ಅಕ್ಷರಗಳಿಂದ ನಾನು ಕನ್ನಡ ಮಾಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟೆ. ಅಲ್ಲಿನ ಸಂಘದ ಮೂವರು ಅದನ್ನು ತಮ್ಮ ಮನೆಮಾತಿಗೆ ತಂದು, ಒಬ್ಬೊಬ್ಬರು ಒಂದೊಂದು ದನಿ ಹಂಚಿಕೊಂಡು ಓದಿ ಅಭ್ಯಾಸ ಮಾಡುತ್ತಿದ್ದಾರೆ. ಮೊದಲ ಅರ್ಧ ಆಗಿದೆ. ಉಳಿದದ್ದು ಮಾವಿನ ಸುಗ್ಗಿ ಕಳೆದ ಮೇಲೆ.